ಒಂದಾಳು ಕಳಿಸಿ

ಎರಡು ತಿಂಗಳು "ಮಾಡ್ತೀನಿ ಬುಡಣ್ಣ" ಅಂತ ಹೇಳಿದ ಹುಡುಗ ಮೂರನೇ ತಿಂಗಳು ಫೋನೇ ಎತ್ತಲಿಲ್ಲ. ಅವನದು ಮಂಡ್ಯದ ಹತ್ತಿರ ಒಂದು ಹಳ್ಳಿ, ಓದಿದ್ದು ಮೈಸೂರಲ್ಲಿ. ನನ್ನದು ಪಾಂಡವಪುರದ ಕಡೆ, ಈಗ ಹನ್ನೊಂದು ವರ್ಷದಿಂದ ಜರ್ಮನಿಯ ಲೈಪ್‌ಜಿಗ್‌ನಲ್ಲಿದ್ದೇನೆ. ನಮ್ಮಿಬ್ಬರನ್ನೂ ಸೇರಿಸಿದ್ದು ಸಂಬಳವಿಲ್ಲದ ಒಂದು ಕೆಲಸ. ಶಾಲೆ ಮಕ್ಕಳಿಗಾಗಿ ಮಾಡಿದ ಒಂದು ಚಿಕ್ಕ ಓಪನ್ ಸೋರ್ಸ್ ತಂತ್ರಾಂಶ ಇದೆ, ಅಂದರೆ ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಬಹುದಾದದ್ದು. ಅದರ ವೆಬ್‌ಸೈಟುಗಳನ್ನು ನೋಡಿಕೊಳ್ಳೋದು ನಮ್ಮ ತಂಡದ ಪಾಲು.

ಸೈಟುಗಳು ಮೂರು. ಒಂದು ಮುಖ್ಯಪುಟ, ಒಂದು ಡೌನ್‌ಲೋಡ್‌ಗೆ, ಇನ್ನೊಂದು ಇದನ್ನು ಬಳಸೋದು ಹೇಗೆ ಅಂತ ಮೇಷ್ಟ್ರುಗಳಿಗೆ ತಿಳಿಸೋದಕ್ಕೆ. ತಂತ್ರಾಂಶ ಬರೆಯೋಕೆ ಜನ ಬರುತ್ತಾರೆ, ಬಯೋಡೇಟಾದಲ್ಲಿ ಹಾಕಿಕೊಳ್ಳಬಹುದಲ್ಲ. ಸೈಟಿನ ಕೆಲಸ ಅಂದರೆ ಏನು? ಮುರಿದ ಲಿಂಕು. ಎರಡು ವರ್ಷ ಹಳೆಯ ಚಿತ್ರ. "ಶೀಘ್ರದಲ್ಲೇ ಬರಲಿದೆ" ಅಂತ 2021ರಿಂದ ಕೂತಿರುವ ಒಂದು ಸಾಲು. ಇದನ್ನು ಸರಿ ಮಾಡಿದೆ ಅಂತ ಯಾರು ಯಾರ ಮುಂದೆ ಹೇಳಿಕೊಳ್ಳುತ್ತಾರೆ?

ತಂಡದಲ್ಲಿ ಅರ್ಧ ಜನ ಈ ಕಡೆಯವರು, ಅಂದರೆ ಜರ್ಮನಿಯವರು, ಇನ್ನರ್ಧ ಮೈಸೂರು ಮಂಡ್ಯದ ಕಾಲೇಜು ಹುಡುಗ ಹುಡುಗಿಯರು. ಎರಡೂ ಕಡೆ ಕಾಲಿಟ್ಟುಕೊಂಡು ನಿಂತವನು ನಾನು.

ಮೊದಲು ನಾನು ಮಾಡಿದ್ದು ಇಲ್ಲಿನ ರೀತಿ. ಇಪ್ಪತ್ತು ಚಿಕ್ಕ ಚಿಕ್ಕ ಕೆಲಸಗಳ ಪಟ್ಟಿ ಬರೆದೆ. ಒಂದೊಂದಕ್ಕೂ "ಮೊದಲ ಸಲದವರಿಗೆ" ಅಂತ ಚೀಟಿ ಅಂಟಿಸಿದೆ. ಯಾವ ಫೈಲು, ಯಾವ ಸಾಲು, ಎಲ್ಲ ಬರೆದೆ. ಇಲ್ಲಿ ಇಷ್ಟು ಸಾಕು. ಯಾರೋ ಒಬ್ಬರು, ಹೆಸರೂ ಗೊತ್ತಿಲ್ಲದವರು, ಮಳೆ ಬರುತ್ತಿರುವ ಭಾನುವಾರ ಬಂದು ಎರಡು ಕೆಲಸ ಮುಗಿಸಿ ಹೋಗಿರುತ್ತಾರೆ. ಮೈಸೂರಿನ ಗುಂಪಿಗೆ ಅದೇ ಪಟ್ಟಿ ಕಳಿಸಿದೆ. ಮೂರು ವಾರ ಒಬ್ಬರೂ ಮುಟ್ಟಲಿಲ್ಲ. ಹೆಬ್ಬೆರಳು ಎತ್ತಿದ ಚಿತ್ರ ಮಾತ್ರ ಹದಿನೇಳು ಬಂತು.

ಆಮೇಲೆ ರಜೆಗೆ ಬಂದಾಗ ಒಬ್ಬೊಬ್ಬರಿಗೂ ಫೋನ್ ಮಾಡಿದೆ. "ಭಾನುವಾರ ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಹತ್ರ ಬಾ, ಆಮೇಲೆ ತಿಂಡಿಗೆ ಹೋಗೋಣ." ಎಂಟು ಜನ ಬಂದರು. ಒಂದು ಹುಡುಗಿ ತನ್ನ ಗೆಳತಿಯನ್ನೂ ಕರೆದುಕೊಂಡು ಬಂದಿದ್ದಳು. ಮಸಾಲೆ ದೋಸೆ ತಿಂದು, ಅಲ್ಲೇ ಲ್ಯಾಪ್‌ಟಾಪ್ ಬಿಚ್ಚಿ, ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತರಲ್ಲಿ ಹದಿಮೂರು ಮುಗಿಸಿದರು. ಹೋಟೆಲಿನವರು ಎರಡು ಸಲ ಬಂದು ಟೇಬಲ್ ಒರೆಸಿ ಹೋದರು. ನಮ್ಮವರು ಯಾರೂ ಏಳಲಿಲ್ಲ.

ಇದರಲ್ಲಿ ಆಶ್ಚರ್ಯ ಪಡೋದಕ್ಕೆ ಏನಿತ್ತು? ನಾನು ಚಿಕ್ಕವನಿದ್ದಾಗ ನಮ್ಮ ಕಡೆ ನಾಟಿಗೆ ಮುಯ್ಯಾಳು ಅಂತಿತ್ತು. ಇವತ್ತು ನಿಮ್ಮ ಗದ್ದೆಗೆ ನಮ್ಮ ಮನೆಯವರು, ನಾಳೆ ನಮ್ಮ ಗದ್ದೆಗೆ ನಿಮ್ಮ ಮನೆಯವರು. ಕೂಲಿ ಇಲ್ಲ, ಆಳಿಗೆ ಆಳು. ನಾಲೆಯಲ್ಲಿ ನೀರು ಬಂತು, ಒಟ್ಲು ಪೈರು ಬಲಿತಿದೆ ಅಂದರೆ ಯಾರೂ ಹಳ್ಳಿಕಟ್ಟೆಗೆ ಚೀಟಿ ಅಂಟಿಸುತ್ತಿರಲಿಲ್ಲ. ಸಂಜೆ ಅಜ್ಜಿ ಮನೆಮನೆ ಬಾಗಿಲಿಗೆ ಹೋಗಿ "ನಾಳೆ ನಮ್ದು ನಾಟಿ ಕಣವ್ವ, ಒಂದಾಳು ಕಳ್ಸಿ" ಅಂತ ಹೇಳಿ ಬರುತ್ತಿದ್ದಳು. ನಾನು ಸುಮ್ನೆ ಅವಳ ಹಿಂದೆ ಸುತ್ತುತ್ತಿದ್ದೆ. ಬಾಗಿಲಿಗೆ ಬಂದು ಕರೆದಿದ್ದಾರೆ ಅಂದ ಮೇಲೆ ಆ ಮನೆಯಿಂದ ಆಳು ಬರಲೇಬೇಕು.

ಕರೆಯೋ ವಿಷಯದಲ್ಲಿ ನಮ್ಮ ರೀತಿಯೇ ವಾಸಿ ಅಂತ ನಾನು ಈಗಲೂ ಹೇಳುತ್ತೇನೆ. ಇಲ್ಲಿನವರು ಒಪ್ಪಲ್ಲ. "ಹೆಸರು ಹಿಡಿದು ಕರೆದರೆ ಅದು ಒತ್ತಾಯ ಅಲ್ವಾ?" ಅಂತ ಕೇಳುತ್ತಾರೆ. ಆದರೆ ಇವರ ರೀತಿಗೂ ಬೆಲೆ ತೆರಬೇಕು. ಮಂಡ್ಯದ ಒಬ್ಬ ಹುಡುಗಿ ಸಹಾಯದ ಪುಟವೊಂದನ್ನು ಪೂರ್ತಿ ಹೊಸದಾಗಿ ಬರೆದು ಪುಲ್ ರಿಕ್ವೆಸ್ಟ್, ಅಂದರೆ "ಇದನ್ನು ಸೇರಿಸಿಕೊಳ್ಳಿ" ಅನ್ನೋ ಕೋರಿಕೆ, ಕಳಿಸಿದಳು. ಇಲ್ಲಿಂದ ಹದಿನಾಲ್ಕು ತಿದ್ದುಪಡಿ ಹೋಯಿತು. ಹದಿನಾಲ್ಕೂ ಸರಿಯೇ. ಆದರೆ ಮೇಲೆ ಒಂದು "ಥ್ಯಾಂಕ್ಸ್" ಇರಲಿಲ್ಲ. ಅವಳು ಅಷ್ಟನ್ನೂ ತಿದ್ದಿ ಕಳಿಸಿದಳು, ಮತ್ತೆ ಬರಲಿಲ್ಲ. ನಾನು ಇವರಿಗೆ ಹೇಳಿದರೆ, "ತಪ್ಪೇನು ಬರೆದೆವು ತೋರಿಸು" ಅಂದರು. ತೋರಿಸೋಕೆ ಏನೂ ಇರಲಿಲ್ಲ. ಇಲ್ಲದ್ದನ್ನು ತೋರಿಸೋದು ಹೇಗೆ?

ಈಗ ಆ ಫೋನ್ ಎತ್ತದ ಹುಡುಗನ ಕಥೆಗೆ ಬರುತ್ತೇನೆ. 2025ರ ಜುಲೈ 4ರಂದು ಅವನು ಡೌನ್‌ಲೋಡ್ ಸೈಟನ್ನು ಹೊಸ ಸರ್ವರ್‌ಗೆ ಬದಲಾಯಿಸಿದ. ಸೈಟಿಗೆ ಬೀಗದ ಗುರುತು ಕೊಡುವ ಸರ್ಟಿಫಿಕೇಟ್ ಬೇಕಲ್ಲ, ಅದನ್ನು ಲೆಟ್ಸ್ ಎನ್‌ಕ್ರಿಪ್ಟ್‌ ಅನ್ನೋ ಸಂಸ್ಥೆಯಿಂದ ಬಿಟ್ಟಿಯಾಗಿ ತೆಗೆದುಕೊಳ್ಳುತ್ತೇವೆ. ಅದರ ಆಯಸ್ಸು 90 ದಿನ. ತಾನಾಗೇ ನವೀಕರಣ ಆಗುವ ಹಾಗೆ ಮಾಡಿಟ್ಟರೆ ಮರೆತೇ ಹೋಗಬಹುದು. ಅವನು ಮೊದಲನೆಯದನ್ನು ಕೈಯಲ್ಲಿ ಹಾಕಿದ, ಆ ನವೀಕರಣದ ಕೆಲಸ ಬಾಕಿ ಉಳಿಸಿದ. ಕೇಳಿದಾಗೆಲ್ಲ "ಮಾಡ್ತೀನಿ ಬುಡಣ್ಣ". ಮುಂಚೆ ಅವಧಿ ಮುಗಿಯುವ ಮೊದಲು ಲೆಟ್ಸ್ ಎನ್‌ಕ್ರಿಪ್ಟ್‌ನವರೇ ಒಂದು ಇಮೇಲ್ ಕಳಿಸುತ್ತಿದ್ದರು. 2025ರ ಜೂನ್‌ನಲ್ಲಿ ಅದನ್ನೂ ನಿಲ್ಲಿಸಿದ್ದರು.

90 ದಿನ ಲೆಕ್ಕ ಹಾಕಿ. ಅಕ್ಟೋಬರ್ 2. ವಿಜಯದಶಮಿ. ಮೈಸೂರಿನವರೆಲ್ಲ ಜಂಬೂಸವಾರಿ ನೋಡೋಕೆ ರಸ್ತೆಯಲ್ಲಿ. ಮಾರನೇ ದಿನ ಅಕ್ಟೋಬರ್ 3, ಜರ್ಮನಿ ಒಂದಾದ ದಿನ, ಇಲ್ಲೂ ರಜೆ. ಆಮೇಲೆ ಶನಿವಾರ, ಭಾನುವಾರ. ನಾಲ್ಕು ದಿನ ಸೈಟು ತೆರೆದವರಿಗೆಲ್ಲ "ಇದು ಸುರಕ್ಷಿತ ಅಲ್ಲ, ಹಿಂದಕ್ಕೆ ಹೋಗಿ" ಅನ್ನೋ ಪುಟ. ಸರ್ವರ್‌ನ ಪಾಸ್‌ವರ್ಡ್ ಅವನೊಬ್ಬನ ಹತ್ತಿರ. ನಾನು ಎಷ್ಟು ಸಲ ಫೋನ್ ಮಾಡಿದೆನೋ. ಹಿಂದಿನ ದಿನ ಆಯುಧಪೂಜೆಗೆ ಲ್ಯಾಪ್‌ಟಾಪಿಗೆ ಕುಂಕುಮ ಹಚ್ಚಿದ ಫೋಟೋಗಳು ಗುಂಪಿಗೆ ಬಂದಿದ್ದವು. ನಾನು ಅದನ್ನೇ ನೋಡುತ್ತಾ ಕೂತಿದ್ದೆ.

ಭಾನುವಾರ ರಾತ್ರಿ ಸೈಟು ಇದ್ದಕ್ಕಿದ್ದ ಹಾಗೆ ಸರಿಯಾಯಿತು. ಊರಲ್ಲಿ ಆಗ ನಡುರಾತ್ರಿ 2 ಗಂಟೆ ದಾಟಿತ್ತು. ಮಾಡಿದ್ದು ಅವನೇ. ಯಾರಿಗೂ ಒಂದು ಮಾತು ಹೇಳಿರಲಿಲ್ಲ.

ಅದೇ ತಿಂಗಳು ಇಲ್ಲಿ ಇನ್ನೊಬ್ಬರು ತಂಡ ಬಿಟ್ಟಿದ್ದರು. ನಿವೃತ್ತ ಎಂಜಿನಿಯರ್. ಈ ಊರಲ್ಲಿ ಶ್ರೇಬರ್ ತೋಟ ಅಂತ ಇದೆ. ಊರಂಚಿನಲ್ಲಿ ಸಾಲಾಗಿ ಚಿಕ್ಕ ಚಿಕ್ಕ ತೋಟಗಳು, ಒಂದೊಂದರಲ್ಲಿ ಒಂದು ಪುಟ್ಟ ಗುಡಿಸಲು. ಆ ಪದ್ಧತಿ ಹುಟ್ಟಿದ್ದೇ ಲೈಪ್‌ಜಿಗ್‌ನಲ್ಲಿ. ಅದಕ್ಕೂ ಒಂದು ಸಂಘ, ಸಂಘಕ್ಕೊಂದು ಕಟ್ಟಳೆ. ವರ್ಷಕ್ಕೆ ಇಷ್ಟು ಗಂಟೆ ಎಲ್ಲರೂ ಸೇರಿ ದಾರಿ ಬೇಲಿ ನೋಡಿಕೊಳ್ಳಬೇಕು, ಬರದಿದ್ದರೆ ಗಂಟೆಗಿಷ್ಟು ಅಂತ ದುಡ್ಡು ಕಟ್ಟಬೇಕು. ಇವರಿಗೆ ಆ ಸಂಘದ ಖಜಾಂಚಿ ಕೆಲಸ ಬಂತು. ನಮಗೆ ನಾಲ್ಕು ಸಾಲು ಬರೆದರು. ನವೆಂಬರ್ 1ರಿಂದ ನಾನು ಇರುವುದಿಲ್ಲ. ಅರ್ಧ ಆಗಿರುವ ಕೆಲಸ ಮೂರು, ಇಂಥಲ್ಲಿವೆ. ಪಾಸ್‌ವರ್ಡ್ ಇಂಥವರ ಹತ್ತಿರ ಇದೆ. ಶುಭಾಶಯ. ಅಷ್ಟೇ. ಆರು ವರ್ಷ ಜೊತೆಗಿದ್ದವರು! ಓದಿದಾಗ ನನಗೆ ಕೆಟ್ಟದೆನಿಸಿತು. ಹೋಗಿಬರುತ್ತೇನೆ ಅನ್ನೋಕೂ ಒಂದು ರೀತಿ ಬೇಡವೇ?

ಆದರೆ ನವೆಂಬರ್ 1ರಂದು ಸೈಟಿನಲ್ಲಿ ಏನೂ ನಿಲ್ಲಲಿಲ್ಲ.

ದೊಡ್ಡ ಯೋಜನೆಗಳು ಈ ಹೋಗೋದಕ್ಕೆ ಪದಗಳನ್ನೇ ಮಾಡಿಕೊಂಡಿವೆ. ಡೆಬಿಯನ್ ನೋಡಿ, ಕಂಪ್ಯೂಟರನ್ನೇ ನಡೆಸುವ ಓಪನ್ ಸೋರ್ಸ್ ತಂತ್ರಾಂಶ. 1993ರಲ್ಲಿ ಇಯಾನ್ ಮರ್ಡಾಕ್ ಶುರು ಮಾಡಿದ್ದು, ಇವತ್ತಿಗೂ ನಡೆಸೋರು ಸ್ವಯಂಸೇವಕರೇ. ಅಲ್ಲಿ ಒಂದು ಪ್ಯಾಕೇಜನ್ನು, ಅಂದರೆ ಅದರೊಳಗಿನ ಒಂದು ತಂತ್ರಾಂಶದ ಕಟ್ಟನ್ನು, ನೋಡಿಕೊಳ್ಳೋಕೆ ಆಗಲ್ಲ ಅಂದರೆ "ಇದು ಅನಾಥ" ಅಂತ ಸಾರಿಬಿಡಬಹುದು. ಬೇಕಾದವರು "ದತ್ತು ತಗೋತೀನಿ" ಅಂತ ಬರೆದು ತಗೋತಾರೆ. ಹೇಳದೆ ಮಾಯವಾದವರನ್ನು ವಿಚಾರಿಸೋಕೆ ಬೇರೆ ತಂಡವೇ ಇದೆ. ವೆಬ್‌ಸೈಟಿನ ಅನುವಾದದಲ್ಲೂ ಹಾಗೇ. ಪುಟ ಕೈಗೆತ್ತಿಕೊಳ್ಳುವ ಮೊದಲು "ನಾನು ಅನುವಾದ ಮಾಡಬೇಕು ಅಂತಿದ್ದೇನೆ" ಅಂತ ತಿಳಿಸುತ್ತಾರೆ. ಮೂಲದ ಯಾವ ಆವೃತ್ತಿಯಿಂದ ಮಾಡಿದ್ದು ಅನ್ನೋ ಗುರುತು ಪುಟದ ತಲೆಯಲ್ಲೇ ಇರುತ್ತೆ. ಮೂಲ ತುಂಬ ಮುಂದೆ ಹೋಗಿಬಿಟ್ಟರೆ, ಈ ಅನುವಾದ ಹಳೆಯದು ಅಂತ ಓದುವವರಿಗೆ ಪುಟವೇ ಹೇಳುತ್ತೆ. ಅನುವಾದ ಮಾಡಿದವರು ಎಲ್ಲಿ ಹೋದರು ಅಂತ ಯಾರೂ ಹುಡುಕಬೇಕಾಗಿಲ್ಲ.

ನಮ್ಮಲ್ಲಿ "ಆಗಲ್ಲ" ಅನ್ನೋ ಮಾತೇ ಬಾಯಿಗೆ ಬರೋದಿಲ್ಲ. ಹಿಂದೆ ದೆವ್ವ ಬರುತ್ತೆ ಅಂತ ಬಾಗಿಲ ಮೇಲೆಲ್ಲ "ನಾಳೆ ಬಾ" ಅಂತ ಬರೆಯುತ್ತಿದ್ದರಲ್ಲ, ದೆವ್ವಕ್ಕೂ ನಾವು ಬರಬೇಡ ಅನ್ನಲಿಲ್ಲ. ಸಾಫ್ಟ್‌ವೇರಿನವರು ಬಸ್ ಫ್ಯಾಕ್ಟರ್ ಅಂತಾರೆ. ಎಷ್ಟು ಜನ ಬಸ್ಸಿಗೆ ಸಿಕ್ಕರೆ ಕೆಲಸ ನಿಲ್ಲುತ್ತೆ ಅನ್ನೋ ಲೆಕ್ಕ ಅದು. ಮಂಡ್ಯದಲ್ಲಿ ಬಸ್ಸು ಯಾರಿಗೂ ಗುದ್ದಬೇಕಾಗಿಲ್ಲ. ಬೆಂಗಳೂರಿಗೆ ಹತ್ತಿಸಿಕೊಂಡು ಹೋದರೆ ಸಾಕು.

ಡಿಸೆಂಬರ್‌ನಲ್ಲಿ ಊರಿಗೆ ಬಂದಾಗ ಆ ಹುಡುಗನ ಮನೆಗೇ ಹೋದೆ. ಬೈಯಬೇಕು ಅಂತಲೇ ಹೋಗಿದ್ದು. ಜಗಲಿ ಮೇಲೆ ಕೂರಿಸಿದರು. ಅವನ ತಾಯಿ ಮುದ್ದೆ ಉಪ್ಸಾರು ಬಡಿಸಿದರು. ಉಂಡ ಮೇಲೆ ಬೈಯೋದು ಹೇಗೆ? ಅವನಿಗೆ ಬೆಂಗಳೂರಲ್ಲಿ ಕೆಲಸ ಸಿಕ್ಕಿದೆ, ರಾತ್ರಿ ಪಾಳಿ. ತಲೆ ತಗ್ಗಿಸಿಕೊಂಡೇ ಮಾತಾಡಿದ.

"ನೀವು ಬೈತೀರ ಅಂತ ಅಲ್ಲಣ್ಣ. ಅಷ್ಟು ದೂರದಿಂದ ಫೋನ್ ಮಾಡಿ ಕರ್ದಿದ್ರಿ. ಆಗಲ್ಲ ಅಂತ ಹೆಂಗೆ ಹೇಳೋದು?"

ನನಗೆ ಮಾತು ಹೊರಡಲಿಲ್ಲ. ಕುಕ್ಕರಹಳ್ಳಿ ಕೆರೆ ಹತ್ತಿರ ಎಂಟು ಜನರನ್ನು ಸೇರಿಸಿದ್ದು ಯಾವುದೋ, ಇವನು ಫೋನ್ ಎತ್ತದ ಹಾಗೆ ಮಾಡಿದ್ದೂ ಅದೇ. ನಾನು ಕೆಲಸ ಕೊಟ್ಟಿರಲಿಲ್ಲ, ಋಣ ಹೊರಿಸಿದ್ದೆ. ಪಟ್ಟಿ ನೋಡಿ ಬಂದವರು ಪಟ್ಟಿಗೆ "ಆಗಲ್ಲ" ಅಂತ ಬರೆದು ಹೋಗಬಹುದು. ಅಣ್ಣ ಕರೆದ ಅಂತ ಬಂದವನು ಅಣ್ಣನಿಗೆ ಏನಂತ ಬರೆಯುತ್ತಾನೆ?

ಅವನ ತಾಯಿ ಅಲ್ಲೇ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. "ಅದೇನು ಕೆಲ್ಸನಪ್ಪಾ? ದುಡ್ಡು ಕೊಡಕಿಲ್ವಾ?" ಅಂದರು. ಇಲ್ಲವ್ವ, ಒಬ್ಬರಿಗೊಬ್ಬರು ಮಾಡಿಕೊಡೋದು ಅಂದೆ. "ಮುಯ್ಯಾಳು ಅನ್ನಿ ಮತ್ತೆ." ಆಮೇಲೆ ಮಗನ ಕಡೆ ತಿರುಗಿ, "ನಿಂಗೆ ಹೋಗಕಾಗ್ದಿದ್ರೆ ಇನ್ನೊಬ್ರನ್ನ ಕಳಿಸ್ಬೇಕಿತ್ತು ಕಣ್ಲಾ" ಅಂದರು.

ನಾನು ಅಜ್ಜಿಯ ಹಿಂದೆ ಅಷ್ಟು ಬಾಗಿಲು ಸುತ್ತಿದ್ದೆ. "ಒಂದಾಳು ಕಳ್ಸಿ" ಅಂತ ಅವಳು ಅಂದಿದ್ದನ್ನು ಎಷ್ಟು ಸಲ ಕೇಳಿದ್ದೆ. ನೀನೇ ಬಾ ಅಂತ ಅವಳು ಯಾರಿಗೂ ಹೇಳಿರಲಿಲ್ಲ. ಸೊಸೆಗೆ ಜ್ವರ ಅಂದರೆ ಅತ್ತೆ ಬರುತ್ತಿದ್ದಳು, ಅವಳಿಗೂ ಆಗದಿದ್ದರೆ ಮಗಳು. ಕರೆಯುತ್ತಿದ್ದದ್ದು ಮನೆಯನ್ನು. ನಾನು ಆಸಾಮಿಯನ್ನು ಹಿಡಿದುಕೊಂಡಿದ್ದೆ.

ಈಗ ತಂಡದಲ್ಲಿ ಕೆಲವು ಬದಲಾಗಿದೆ. ಫೋನ್ ಮಾಡಿ ಕರೆಯೋದು ಬಿಟ್ಟಿಲ್ಲ, ಆದರೆ ಕರೆಯುವಾಗಲೇ ಗಡುವು ಹೇಳುತ್ತೇನೆ. ಯುಗಾದಿಯಿಂದ ದಸರಾವರೆಗೆ ಒಂದು ಪಾಳಿ, ದಸರಾದಿಂದ ಯುಗಾದಿವರೆಗೆ ಇನ್ನೊಂದು. ಗಡುವು ಮುಗಿದ ಮೇಲೆ ಇರೋರು ಇರಲಿ, ಹೋಗೋರು ಹೋಗಲಿ. ಮಧ್ಯದಲ್ಲಿ ಯಾರಾದರೂ ಆಗಲ್ಲ ಅಂದರೆ ಯಾಕೆ ಅಂತ ಕೇಳಬಾರದು. "ಯಾರನ್ನ ಕಳಿಸ್ತೀಯ?" ಅಂತ ಮಾತ್ರ ಕೇಳಬೇಕು. ಪ್ರತಿ ಬೀಗದ ಕೈ ಇಬ್ಬರ ಹತ್ತಿರ, ಅಲ್ಲೊಬ್ಬರು, ಇಲ್ಲೊಬ್ಬರು. ಮದುವೆ ಮನೆ ಮುಯ್ಯಿ ಪುಸ್ತಕದ ಹಾಗೆ ಯಾರ ಹತ್ತಿರ ಏನಿದೆ ಅಂತ ಒಂದು ಪುಟದಲ್ಲಿ ಬರೆದಿಟ್ಟಿದ್ದೇವೆ. ತಿಂಗಳಿಗೊಬ್ಬರು ನೀರುಗಂಟಿ. ನಾಲೆ ತೂಬು ನೋಡಿಕೊಂಡು ಬಂದ ಹಾಗೆ ಸೋಮವಾರ ಸೋಮವಾರ ಮೂರು ಸೈಟೂ ತೆರೆದು ನೋಡಿ ಬರೋದು ಅವರ ಕೆಲಸ. ಆ ಹೆಸರಿಟ್ಟಿದ್ದು ಹುಡುಗರೇ. ಇಲ್ಲಿನವರೂ ಈಗ "ನೀರುಗಾಂಟಿ" ಅಂತಲೇ ಬರೆಯುತ್ತಾರೆ.

ಎಲ್ಲ ಸರಿಹೋಗಿದೆ ಅಂತೇನಲ್ಲ. ಪರೀಕ್ಷೆ ಹತ್ತಿರ ಬಂದಾಗ ಮೈಸೂರಿನ ಗುಂಪು ಈಗಲೂ ನಿಶ್ಶಬ್ದ. ಥ್ಯಾಂಕ್ಸ್ ಹೇಳೋದನ್ನು ಇಲ್ಲಿ ಇನ್ನೂ ಕಲಿಸುತ್ತಲೇ ಇದ್ದೇನೆ.

ಹೋದ ವಾರ ಆ ಹುಡುಗನಿಂದ ಸಂದೇಶ ಬಂತು. "ಅಣ್ಣ, ಈ ಪಾಳಿ ನನ್ ಕೈಲಾಗಲ್ಲ. ತಂಗಿ ಬರ್ತಾಳೆ. ಅವಳಿಗೆ ನನಗಿಂತ ಚೆನ್ನಾಗಿ ಬರುತ್ತೆ." ನಾನು ಖುಷಿಯಿಂದ ಅದನ್ನೇ ಅನುವಾದ ಮಾಡಿ ಈ ಕಡೆಯವರಿಗೆ ಕಳಿಸಿದೆ. ಹತ್ತು ನಿಮಿಷಕ್ಕೆ ಉತ್ತರ ಬಂತು. ತಂಗಿ ಹೊಸಬರ ಫಾರಂ ಭರ್ತಿ ಮಾಡಿದ್ದಾರಾ?