ಟ್ರಂಕಿನಲ್ಲಿರುವ ಅಭಿಲೇಖಾಲಯ

ನಮ್ಮ ತಾಲ್ಲೂಕು ಕಚೇರಿಯ ಅಭಿಲೇಖಾಲಯದ ಬಾಗಿಲಿಗೆ ಎರಡು ಬೀಗಗಳಿವೆ. ದಾಖಲೆಗಳು ಹೊರಗೆ ಹೋಗದಿರಲೆಂದು ಹಾಕಿರುವ ಈ ಬೀಗಗಳ ವಿಷಯವಾಗಿ ಗೆದ್ದಲಿಗೆ ಯಾರೂ ನೋಟಿಸು ಜಾರಿ ಮಾಡಿದಂತಿಲ್ಲ.

ಅಜ್ಜನಿಗೆ ಸರ್ಕಾರ ದರಖಾಸ್ತಿನಲ್ಲಿ ಮಂಜೂರು ಮಾಡಿದ್ದ ಎರಡು ಎಕರೆಯನ್ನು ಪೋಡಿ ಮಾಡಿಸಬೇಕಾಗಿ, ಅಂದರೆ ಅಳೆಸಿ ಬೇರ್ಪಡಿಸಬೇಕಾಗಿ, ಮಂಜೂರಾತಿ ಕಡತದ ದೃಢೀಕೃತ ನಕಲಿಗೆ ಅರ್ಜಿ ಹಾಕಿದೆ. ನಾಲ್ಕು ತಿಂಗಳ ಮೇಲೆ ಹಿಂಬರಹ ಬಂತು: 'ತಾವು ಕೋರಿರುವ ಕಡತವು ಲಭ್ಯವಿರುವುದಿಲ್ಲ.' ಕಳೆದಿದೆ ಎಂದಿಲ್ಲ, ನಾಶವಾಗಿದೆ ಎಂದೂ ಇಲ್ಲ. ಕಳೆದಿದ್ದರೆ ಕಳೆದವರೊಬ್ಬರು ಇರಬೇಕಾಗುತ್ತದೆ. ನಾಶಪಡಿಸಿದ್ದರೆ ಅದಕ್ಕೊಂದು ಆದೇಶ ಇರಬೇಕಾಗುತ್ತದೆ. ಲಭ್ಯವಿಲ್ಲದಿರುವ ಕ್ರಿಯೆಗೆ ಮಾತ್ರ ಕರ್ತೃವೇ ಬೇಕಿಲ್ಲ.

ಕಡತವೆಂದರೆ ಮೂಲದಲ್ಲಿ ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಕಪ್ಪಾಗಿಸಿ, ಬಳಪದಲ್ಲಿ ಬರೆದು ಮಡಿಸಿಡುತ್ತಿದ್ದ ಪುಸ್ತಕ. ಬೇಡವಾದ ಬರಹವನ್ನು ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ಬರೆಯಬಹುದಿತ್ತು. (ಈ ಒಂದು ಸೌಲಭ್ಯವನ್ನು ಇಂದಿನ ಕಚೇರಿಗಳೂ ಹೇಗೋ ಉಳಿಸಿಕೊಂಡಿವೆ.) ಶೃಂಗೇರಿ ಮಠಕ್ಕೆ ಟಿಪ್ಪು ಸುಲ್ತಾನ್ ಕನ್ನಡದಲ್ಲಿ ಬರೆಸಿದ್ದ ಪತ್ರಗಳು ನೂರಕ್ಕೂ ಹೆಚ್ಚು ವರ್ಷ ಮಠದಲ್ಲೇ ಉಳಿದು, 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರ ಕೈಗೆ ಸಿಕ್ಕವು. ಅವು ನಮ್ಮ ತಾಲ್ಲೂಕು ಕಚೇರಿಯಲ್ಲಿದ್ದಿದ್ದರೆ ಆಚಾರ್ಯರಿಗೂ ಒಂದು ಹಿಂಬರಹ ಸಿಗುತ್ತಿತ್ತು.

ಕಾನೂನಿನ ಕೊರತೆಯೇನೂ ಇಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಪ್ರಕರಣವು ದಾಖಲೆಗಳನ್ನು ಪಟ್ಟಿ ಮಾಡಿ, ಸೂಚಿಯೊಡನೆ ಇಡಬೇಕೆನ್ನುತ್ತದೆ. ನಮ್ಮ ಕಚೇರಿ ಅದನ್ನು ಅಕ್ಷರಶಃ ಪಾಲಿಸಿದೆ: ಸೂಚಿಯಲ್ಲಿ ಅಜ್ಜನ ಕಡತದ ಸಂಖ್ಯೆ ದುಂಡಗಿನ ಅಕ್ಷರದಲ್ಲಿದೆ, ಆ ಸಂಖ್ಯೆಯ ಕೆಂಪು ಬಟ್ಟೆಯ ಕಟ್ಟೂ ಇದೆ; ಕಟ್ಟು ಬಿಚ್ಚಿದರೆ ಜರಡಿಯಾದ ಎರಡು ರಟ್ಟು, ಒಂದು ಹಿಡಿ ಮಣ್ಣು. 2000ದಲ್ಲಿ 'ಭೂಮಿ' ಯೋಜನೆ ಸುಮಾರು ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಸೇರಿಸಿತು ನಿಜ, ಆದರೆ ಆ ಪಹಣಿಯಲ್ಲಿ ಹೆಸರು ಹೇಗೆ ಬಂತೆಂಬುದಕ್ಕೆ ಆಧಾರ ಈ ಮಣ್ಣಿನಲ್ಲೇ ಉಳಿಯಿತು.

"ಹೆದರಬೇಡಿ ಸ್ವಾಮಿ, ಕಡತ ಪುನರ್‌ನಿರ್ಮಾಣ ಮಾಡೋಣ. ಮನೇಲಿ ಸಾಗುವಳಿ ಚೀಟಿ ಇದ್ರೆ ತನ್ನಿ," ಎಂದರು ಗುಮಾಸ್ತರು. ಜಮೀನು ಮಂಜೂರಾದಾಗ ಸರ್ಕಾರ ಕೊಡುವ ಪತ್ರವೇ ಈ ಚೀಟಿ. ಅಜ್ಜಿಯ ಟ್ರಂಕಿನಲ್ಲಿ, ಧಾರೆ ಸೀರೆಯ ಕೆಳಗೆ, ನುಸಿಗುಳಿಗೆಯ ವಾಸನೆಯ ನಡುವೆ ಸಾಗುವಳಿ ಚೀಟಿಯೂ ವರ್ಷವಾರು ಪೋಣಿಸಿದ ಕಂದಾಯ ರಸೀದಿಗಳೂ ಇದ್ದವು. ಓದುಬರಹ ಬಾರದ ಅಜ್ಜಿ ಅವನ್ನು ಕಾಗದದ ಬಣ್ಣದಿಂದಲೇ ಗುರುತಿಸಿ ಎರಡು ನಿಮಿಷದಲ್ಲಿ ತೆಗೆದುಕೊಟ್ಟರು. ಗುಮಾಸ್ತರು ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿ, ಇದು ಕಚೇರಿಯ ಮೂಲ ಕಡತದೊಡನೆ ತಾಳೆಯಾಗುತ್ತದೆಂದು ದೃಢೀಕರಣ ಬೇಕೆಂದರು. ದೃಢೀಕರಿಸಬೇಕಾದವರು ಅವರೇ, ತಾಳೆ ನೋಡಬೇಕಾದ ಕಡತ ಲಭ್ಯವಿರುವುದಿಲ್ಲ.

ಅಂತೂ ಆರು ತಿಂಗಳು ಅಲೆದ ಮೇಲೆ, ನಮ್ಮ ಚೀಟಿಯ ಜೆರಾಕ್ಸನ್ನೇ ಸರ್ಕಾರದ ಮೂಲ ದಾಖಲೆಯೆಂದು ಹೊಸ ರಟ್ಟಿನಲ್ಲಿ ಕಟ್ಟಿಡಲಾಯಿತು. ಕಳೆದ ವಾರ ಪಕ್ಕದ ಹೊಲದವರು ಕೈಯಲ್ಲೊಂದು ಅರ್ಜಿ ಹಿಡಿದು ನಮ್ಮ ಜಗಲಿಗೆ ಬಂದರು. ಅದೇ ಸರ್ವೆ ನಂಬರಿನ ಕಾಗದ ನಮ್ಮಲ್ಲಿ ಸಿಗಬಹುದೆಂದು ಗುಮಾಸ್ತರೇ ಹೇಳಿ ಕಳಿಸಿದ್ದರಂತೆ. ಊಟದ ಹೊತ್ತಾದ್ದರಿಂದ, ಮೂರು ಗಂಟೆಯ ಮೇಲೆ ಬರುವಂತೆ ಅಜ್ಜಿ ಸೂಚಿಸಿದರು.