ಕಸದ ಗುಡ್ಡೆ ತೆಗೆಸುವ ಟೆಂಡರಿಗೆ ಕೈ ಎತ್ತುವ ಮುನ್ನ

ಪುರಸಭೆ, ನಗರಸಭೆ ಸದಸ್ಯರಿಗೆ ತರಬೇತಿ ಅಂದರೆ ಇಂದೋರ್ ಪ್ರವಾಸ ಅನ್ನುವಂತಾಗಿದೆ. ಅಲ್ಲಿನ ದೇವಗುರಾಡಿಯಾ ಕಸದ ಯಾರ್ಡಿನಲ್ಲಿ ಸುಮಾರು 13 ಲಕ್ಷ ಟನ್ ಹಳೆ ಕಸ ತೆಗೆದು ನೂರು ಎಕರೆ ಬಿಡಿಸಿಕೊಂಡಿದ್ದಾರೆ, ನೋಡಬೇಕಾದದ್ದೇ. ಆದರೆ ಅಲ್ಲಿ ಫೋಟೊ ತೆಗೆಸಿಕೊಂಡು ಬಂದವರು ಕೇಳದೇ ಬಿಡುವ ಪ್ರಶ್ನೆ ಒಂದಿದೆ: ಜರಡಿ ಹಿಡಿದ ಮೇಲೆ ಆ ಮಾಲೆಲ್ಲ ಎಲ್ಲಿಗೆ ಹೋಯಿತು?

ಜರಡಿ ಹಿಡಿಯುವ ತನಕದ ಕೆಲಸ ಸುಲಭ. ಗುಡ್ಡೆಯನ್ನು ಮೇಲಿನಿಂದ ಪದರ ಪದರವಾಗಿ ಕೆದರಬೇಕು. ಬುಡ ಕೊರೆದರೆ ಜಾರುತ್ತದೆ. ಕಸದ ರಾಶಿ ಜಾರಿದರೆ ಏನಾಗುತ್ತದೆಂದು 2019ರ ಆಗಸ್ಟ್‌ನಲ್ಲಿ ಮಂಗಳೂರಿನ ಪಚ್ಚನಾಡಿ ಕಸದ ಯಾರ್ಡಿನ ಕೆಳಗಿನ ಮಂದಾರದವರು ಕಂಡಿದ್ದಾರೆ. ಕೆದರಿದ್ದನ್ನು ಎರಡು ಮೀಟರ್ ಎತ್ತರದ ಸಾಲು ಹಾಕಿ, ಜೈವಿಕ ದ್ರಾವಣ ಸಿಂಪಡಿಸಿ, ವಾರಕ್ಕೊಮ್ಮೆ ಮಗುಚಿದರೆ ಮೂರ್ನಾಲ್ಕು ವಾರದಲ್ಲಿ ಕಾವು, ವಾಸನೆ ಇಳಿಯುತ್ತದೆ. ಆಮೇಲೆ ಟ್ರಾಮೆಲ್, ಅಂದರೆ ತಿರುಗುವ ಜರಡಿ ಯಂತ್ರ. ಮಳೆಗಾಲದಲ್ಲಿ ಬೇಡ: ಒದ್ದೆ ಮಣ್ಣು ಜರಡಿಯ ಕಣ್ಣು ಮುಚ್ಚುತ್ತದೆ, ಟನ್ ಲೆಕ್ಕದ ಬಿಲ್ಲಿನಲ್ಲಿ ನೀರಿಗೂ ದುಡ್ಡು ಕೊಡಬೇಕಾಗುತ್ತದೆ.

ಕೆಲಸ ನಿಲ್ಲುವುದು ಇದರ ಮುಂದೆ. ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಸಣ್ಣ ಮಣ್ಣು ಬರುತ್ತದೆ. ಅದನ್ನು ಗೊಬ್ಬರ ಅಂತ ರೈತರಿಗೆ ಹಂಚುವವರಿದ್ದಾರೆ. ಸೀಸ, ಕ್ಯಾಡ್ಮಿಯಂ, ಗಾಜಿನ ಚೂರು ಪರೀಕ್ಷಿಸದೆ ತರಕಾರಿ ಹೊಲಕ್ಕೆ ಹಾಕುವಂತಿಲ್ಲ. ತಗ್ಗು ತುಂಬಲು, ಗಿಡ ನೆಡಲು ಆದೀತು. ಕಲ್ಲು, ಇಟ್ಟಿಗೆ ರಸ್ತೆ ಬದಿಗೆ ಹೋಗುತ್ತದೆ. ತಲೆನೋವು ಪ್ಲಾಸ್ಟಿಕ್, ಬಟ್ಟೆಯದು. ಅದನ್ನು ಸುಡುವ ಸಿಮೆಂಟ್ ಕಾರ್ಖಾನೆಗಳು ಹೆಚ್ಚಾಗಿ ಕಲಬುರಗಿ, ಬಾಗಲಕೋಟೆ ಕಡೆ. ಮಲೆನಾಡಿನ ಊರಿಂದ ಲಾರಿ ಬಾಡಿಗೆ ಯಾರು ಕೊಡಬೇಕು? ಸ್ವಚ್ಛ ಭಾರತ್ 2.0 ಯೋಜನೆಯಲ್ಲಿ ಹಳೆ ಕಸ ತೆಗೆಸಲು ಟನ್ನಿಗೆ 550 ರೂಪಾಯಿ ಲೆಕ್ಕ. ದೂರದ ಸಾಗಣೆ ಅದರಲ್ಲಿ ಹಿಡಿಯುವುದು ಕಷ್ಟ. ಟೆಂಡರಿನಲ್ಲಿ ಬರೆಯದಿದ್ದರೆ ಆ ಪ್ಲಾಸ್ಟಿಕ್, ಬಟ್ಟೆಯ ಮೂಟೆಗಳು ಅಲ್ಲೇ ಹೊಸ ಗುಡ್ಡೆಯಾಗುತ್ತವೆ, ಬೇಸಿಗೆಯಲ್ಲಿ ಬೆಂಕಿ ಹತ್ತುತ್ತದೆ. ಕಾರ್ಖಾನೆಯ ಒಪ್ಪಿಗೆ ಪತ್ರ, ಅಲ್ಲಿನ ತೂಕದ ಚೀಟಿ ಇಲ್ಲದೆ ಬಿಲ್ಲಿಗೆ ಸಹಿ ಹಾಕಬೇಡಿ.

ಅಳತೆಯನ್ನೂ ಗುತ್ತಿಗೆದಾರನ ಕೈಗೆ ಬಿಡಬಾರದು. ಮೊದಲಿನ ಮತ್ತು ಕೊನೆಯ ಸರ್ವೆ ಒಂದೇ ಗುರುತುಕಲ್ಲಿನಿಂದ ಆಗಬೇಕು, ಬೇರೆಯವರಿಂದ. ಘನ ಮೀಟರನ್ನು ಟನ್ನಿಗೆ ತಿರುಗಿಸುವಾಗ ಅಂದಾಜು ಬೇಡ. ನಾಲ್ಕಾರು ಕಡೆ ಗುಂಡಿ ತೋಡಿ ತೂಗಿಸಿ.

ಇಷ್ಟಾದ ಮೇಲೂ ಹಸಿ ಕಸ, ಒಣ ಕಸ ಬೆರೆತ ಗಾಡಿ ದಿನಾ ಅದೇ ಜಾಗಕ್ಕೆ ಬರುತ್ತಿದ್ದರೆ ಖರ್ಚೆಲ್ಲ ನೀರುಪಾಲು. ತೆರವಾದ ಜಾಗದಲ್ಲಿ ಸೈಟ್ ಹಂಚುವ ಮಾತು ಸಭೆಯಲ್ಲಿ ಬಂದೇ ಬರುತ್ತದೆ. ಮೊದಲು ತಳದ ಮಣ್ಣು, ಸುತ್ತಲಿನ ಬೋರ್‌ವೆಲ್ ನೀರು, ಮೀಥೇನ್ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಒಣ ಕಸ ಬೇರ್ಪಡಿಸುವ ಶೆಡ್ ಸಾಕು, ಅಂಗನವಾಡಿ ಖಂಡಿತ ಬೇಡ.