ಡಿಕ್ಕಿ ತುಂಬ ಮುನ್ನೆಚ್ಚರಿಕೆ

ಹಾಸನದವರು ಕರಾವಳಿಗೆ ಇಳಿಯಬೇಕೆಂದರೆ ಮನೆಯಲ್ಲಿ ಮೊದಲು ಒಂದು ಜಗಳ ಆಗಲೇಬೇಕು. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವುದೋ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರದ ಮೇಲೆ ಹಾದು ಚಾರ್ಮಾಡಿ ಇಳಿಯುವುದೋ ಎಂಬುದು ಆ ಜಗಳದ ವಿಷಯ. ಶಿರಾಡಿ ಇರುವುದು ರಾಷ್ಟ್ರೀಯ ಹೆದ್ದಾರಿ 75ರಲ್ಲಿ. ಮಂಗಳೂರಿಗೂ ಬೆಂಗಳೂರಿಗೂ ಓಡಾಡುವ ಟ್ಯಾಂಕರು, ಲಾರಿಗಳು ಅಲ್ಲಿ ಸಾಲುಗಟ್ಟಿರುವುದರಿಂದ ಪ್ರಕೃತಿ ಸೌಂದರ್ಯವೆಂದು ನಮ್ಮ ಕಣ್ಣಿಗೆ ಬೀಳುವುದು ಬಹುಪಾಲು ಮುಂದಿನ ಲಾರಿಯ ಹಿಂಬದಿಯ ಬರಹವೇ. ಚಾರ್ಮಾಡಿ ಇರುವುದು ಹೆದ್ದಾರಿ 73ರಲ್ಲಿ. ಅಲ್ಲಿ ತಿರುವು ಹೆಚ್ಚು, ಲಾರಿ ಕಡಿಮೆ, ಮಂಜು ಧಾರಾಳ. ಕಳೆದ ಮೇ ತಿಂಗಳಲ್ಲಿ ಧರ್ಮಸ್ಥಳಕ್ಕೂ, ಅಲ್ಲಿಂದ ಉಜಿರೆಯಲ್ಲಿರುವ ಷಡ್ಕರ ಮನೆಗೂ ಹೋಗಿಬರುವುದೆಂದು ನಿಶ್ಚಯವಾದಾಗ ನನ್ನಾಕೆ ಚಾರ್ಮಾಡಿಯ ಪರವಾಗಿ ತೀರ್ಪು ಕೊಟ್ಟಳು. ಆ ತೀರ್ಪಿಗೆ ಮೇಲ್ಮನವಿ ಇರಲಿಲ್ಲ.

ನಮ್ಮದು 2006ರ ಮಾರುತಿ 800. ಮೂರು ಸಿಲಿಂಡರು, 796 ಸಿ.ಸಿ. 1983ರಲ್ಲಿ ರಸ್ತೆಗಿಳಿದ ಈ ಕಾರಿನ ತಯಾರಿಕೆಯನ್ನು ಕಂಪನಿಯವರು 2014ರಲ್ಲಿ ನಿಲ್ಲಿಸಿದರಾದರೂ ಓಡಿಸುವುದನ್ನು ನಾನು ನಿಲ್ಲಿಸಿಲ್ಲ. ಹದಿನೈದು ವರ್ಷ ತುಂಬಿದಾಗ ಮತ್ತೆ ಐದು ವರ್ಷದ ಆಯುಷ್ಯ ಬರೆಸಿಕೊಂಡು ಬಂದ ಈ ಗಾಡಿಯಲ್ಲಿ ನಾನು, ನನ್ನಾಕೆ, ಹತ್ತು ವರ್ಷದ ಮಗ, ಅತ್ತೆ ಮತ್ತು ಮಾವ ಸೇರಿ ಐದು ಜನ ಹೊರಡುವುದೆಂದಾಯಿತು. ಮಾವನವರು ಸಕಲೇಶಪುರದ ಕಡೆಯ ಕಾಫಿ ತೋಟವೊಂದರಲ್ಲಿ ಮೂವತ್ತು ವರ್ಷ ರೈಟರಾಗಿದ್ದವರು. ಆ ಮೂವತ್ತು ವರ್ಷವೂ ತೋಟದ ಜೀಪಿನಲ್ಲಿ ಓಡಾಡಿದ್ದರಿಂದ ಘಟ್ಟದ ಚಾಲನೆಯ ವಿಷಯದಲ್ಲಿ ಅವರ ಮಾತೇ ಕೊನೆ. ಅವರು ಜೀಪನ್ನು ಓಡಿಸಿದವರಲ್ಲ, ಡ್ರೈವರಿನ ಪಕ್ಕ ಕುಳಿತವರು ಎಂಬುದನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಹಳೆಯ ಗಾಡಿ, ಘಟ್ಟದ ದಾರಿ ಎಂದಮೇಲೆ ಮುನ್ನೆಚ್ಚರಿಕೆ ಬೇಡವೇ? ಪ್ರತಿಯೊಬ್ಬರೂ ತಮ್ಮ ಪಾಲಿನ ಮುನ್ನೆಚ್ಚರಿಕೆಯನ್ನು ಡಿಕ್ಕಿಗೆ ತುಂಬಿದರು. ನಾನು ಜಾಕಿ, ವೀಲ್ ಸ್ಪ್ಯಾನರುಗಳನ್ನು ಗೋಣಿತಾಟಿನಲ್ಲಿ ಸುತ್ತಿ ತಳದಲ್ಲಿಟ್ಟು ಮೇಲೊಂದು ಕೂಲೆಂಟ್ ಕ್ಯಾನು ಇಟ್ಟೆ. ನನ್ನಾಕೆ ಇಪ್ಪತ್ತು ಲೀಟರಿನ ನೀರಿನ ಕ್ಯಾನು, ನಾಲ್ಕು ಕಂಬಳಿ, ಔಷಧಿ ಡಬ್ಬ ಇಟ್ಟಳು. ಅತ್ತೆಯವರ ಕಡೆಯಿಂದ ಎರಡು ಡಜನ್ ನಿಂಬೆಹಣ್ಣು, ಒಣಶುಂಠಿ, ಅಮೃತಾಂಜನ, ವಾಂತಿ ಬಂದರೆ ಇರಲೆಂದು ಒಂದು ಕಟ್ಟು ಪ್ಲಾಸ್ಟಿಕ್ ಕವರು ಬಂದವು. ಮಾವನವರು ಹಿತ್ತಿಲಿನಿಂದ ಎರಡು ದಪ್ಪ ಕಲ್ಲುಗಳನ್ನು ತಂದು ಇಟ್ಟರು. ಘಟ್ಟದಲ್ಲಿ ಗಾಡಿ ನಿಲ್ಲಿಸಿದಾಗ ಚಕ್ರಕ್ಕೆ ಕೊಡಬೇಕಂತೆ. ಪಶ್ಚಿಮ ಘಟ್ಟದಲ್ಲಿ ಕಲ್ಲು ಸಿಗುವುದಿಲ್ಲವೇ ಮಾವ ಎಂದು ಕೇಳಿದೆ. "ಬೇಕಾದಾಗ ಬೇಕಾದ ಸೈಜಿಂದು ಸಿಗಲ್ಲ ಕಣ್ರೀ" ಎಂದರು.

ಹೊರಡುವ ದಿನ ಬೆಳಗಿನ ಆರಕ್ಕೆ ನಾಲ್ಕು ಚಕ್ರಗಳಿಗೂ ನಿಂಬೆಹಣ್ಣು ಇಟ್ಟು, ಕರ್ಪೂರ ಹಚ್ಚಿ, ಕಾಯಿ ಒಡೆದು, ಗಾಡಿ ಮುಂದೆ ಹೋಗಲೆಂದು ಅತ್ತೆ ಅಪ್ಪಣೆ ಕೊಟ್ಟರು. ಮೂರು ನಿಂಬೆಹಣ್ಣು ಶಾಸ್ತ್ರಕ್ಕೆ ಸರಿಯಾಗಿ ಅಪ್ಪಚ್ಚಿಯಾದವು. ನಾಲ್ಕನೆಯದು ಮಾತ್ರ ಚಕ್ರದ ಅಂಚಿನಿಂದ ಚಿಮ್ಮಿ ಕಾರಿನ ಹಿಂದೆ ಉರುಳಿ ಅಖಂಡವಾಗಿ ನಿಂತಿತು. ಒಂದು ಉಳಿದರೆ ಅಪಶಕುನ, ಸ್ವಲ್ಪ ಹಿಂದೆ ತೆಗೆದುಕೊಂಡು ಅದನ್ನೂ ಮುಗಿಸಿಬಿಡಿ ಎಂದರು ಅತ್ತೆ. ಎಲ್ಲರೂ ನಿಂಬೆಹಣ್ಣಿನ ಕಡೆಗೇ ನೋಡುತ್ತ "ಬರಲಿ, ಬರಲಿ" ಎಂದು ಕೂಗುತ್ತಿದ್ದುದರಿಂದ ಗೇಟಿನ ಕಂಬವನ್ನು ಯಾರೂ ನೋಡಲಿಲ್ಲ. ಹೀಗೆ ಪ್ರಯಾಣ ಆರಂಭವಾಗುವ ಮೊದಲೇ ನಮ್ಮ ಡಿಕ್ಕಿಗೆ ಡಿಕ್ಕಿಯಾಗಿ ಬಲಗಡೆಯ ಹಿಂದೀಪ ಪುಡಿಯಾಯಿತು. ನಿಂಬೆಹಣ್ಣು ಅಲ್ಲೇ ಇತ್ತು. ಅತ್ತೆ ಅದನ್ನು ಎತ್ತಿ ಸೆರಗಿಗೆ ಒರೆಸಿ ಚೀಲಕ್ಕೆ ಹಾಕಿಕೊಂಡರು.

ಹಗರೆಯವರೆಗೂ, ಅಲ್ಲಿಂದ ಬೇಲೂರಿನವರೆಗೂ ಹೇಳುವಂಥದ್ದೇನೂ ನಡೆಯಲಿಲ್ಲ. ಮಾವನವರು ಗೇರು ಹೇಳುತ್ತಿದ್ದರು, ನಾನು ಅದಾಗಲೇ ಹಾಕಿರುತ್ತಿದ್ದೆ. ಬೇಲೂರಿನಲ್ಲಿ ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಚೆನ್ನಕೇಶವನಿಗೆ ಇಳಿದು ಕೈಮುಗಿಯುವಷ್ಟು ಪುರುಸೊತ್ತಿಲ್ಲವೆಂದು ರಸ್ತೆಯಿಂದಲೇ ದಿಕ್ಕು ನೋಡಿ ಮುಗಿದದ್ದಾಯಿತು. "ನೀವೂ ಮುಗೀರಿ" ಎಂದರು ಅತ್ತೆ. ಸ್ಟೀರಿಂಗ್ ಹಿಡಿದಿದ್ದೇನೆ ಎಂದೆ. "ಒಂದೇ ಕೈಯಲ್ಲಿ ಮುಗಿದರೂ ಆಗುತ್ತೆ, ದೇವರಿಗೆ ಅರ್ಥವಾಗುತ್ತೆ" ಎಂದರು. ದೇವರಿಗೆ ಅರ್ಥವಾಗಬಹುದು, ಎದುರಿನಿಂದ ಬರುತ್ತಿದ್ದ ಟ್ರ್ಯಾಕ್ಟರಿನವನು ನಾನು ತನಗೇ ನಮಸ್ಕಾರ ಮಾಡಿದೆನೆಂದು ತಿಳಿದು ತಾನೂ ಒಂದು ಕೈ ಎತ್ತಿದ.

ಮೂಡಿಗೆರೆ ದಾಟಿ ಬಣಕಲ್ ಇನ್ನೂ ಬಾರದಿದ್ದಾಗ ಎಡಗಡೆಯ ಹಿಂದಿನ ಚಕ್ರ ಪಂಚರಾಯಿತು. ಸ್ಟೆಪ್ನಿ, ಜಾಕಿ ಎಲ್ಲವೂ ಡಿಕ್ಕಿಯ ತಳದಲ್ಲಿದ್ದವು ಮತ್ತು ಅವುಗಳ ಮೇಲೆ ನಮ್ಮ ಕುಟುಂಬದ ಸಮಸ್ತ ಮುನ್ನೆಚ್ಚರಿಕೆಯೂ ಕುಳಿತಿತ್ತು. ಒಂದೊಂದಾಗಿ ಇಳಿಸಿ ಕಾಫಿ ತೋಟದ ಬೇಲಿಯ ಪಕ್ಕದ ದರೆಯ ಮೇಲೆ ಸಾಲಾಗಿ ಇಟ್ಟೆವು. ಕಂಬಳಿಯ ಪಕ್ಕ ನೀರಿನ ಕ್ಯಾನು, ಅದರ ಪಕ್ಕ ಕೂಲೆಂಟು, ಚಕ್ಕುಲಿಯ ಡಬ್ಬ, ಕೊನೆಗೆ ಬಾಯಿ ಬಿಚ್ಚಿದ ನಿಂಬೆಹಣ್ಣಿನ ಚೀಲ. ಬೈಕಿನಲ್ಲಿ ಬಂದ ಒಬ್ಬರು ನಿಲ್ಲಿಸಿ, ಕಾಲು ನೆಲಕ್ಕೂರಿ, "ನಿಂಬೆಹಣ್ಣು ಹೆಂಗೆ ಕೊಟ್ರಿ?" ಎಂದು ಕೇಳಿದರು. ಮಾರಾಟಕ್ಕಲ್ಲ ಎಂದು ಹೇಳಿದ ಮೇಲೂ ಅವರಿಗೆ ನಂಬಿಕೆ ಬರಲಿಲ್ಲ. ಅತ್ತೆಯವರು ಬೆಲೆ ಯೋಚಿಸುತ್ತಿರುವುದು ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು.

ಮಾವನವರು ಗಂಭೀರವಾಗಿ ತಮ್ಮ ಎರಡು ಕಲ್ಲುಗಳನ್ನೂ ಮುಂದಿನ ಚಕ್ರಗಳಿಗೆ ಕೊಟ್ಟು, ಸೊಂಟದ ಮೇಲೆ ಕೈಯಿಟ್ಟು ನಿಂತರು. ನಾನು ಜಾಕಿ ಕೊಟ್ಟು ಗಾಡಿಯನ್ನು ಮೇಲೆತ್ತಿ ನಟ್ಟುಗಳಿಗೆ ಸ್ಪ್ಯಾನರು ಹಾಕಿ ತಿರುಗಿಸಿದೆ. ನಟ್ಟು ತಿರುಗಲಿಲ್ಲ, ಚಕ್ರವೇ ತಿರುಗಿತು. "ಜೀಪಿನ ಡ್ರೈವರು ಜಾಕಿ ಕೊಡೋಕೆ ಮುಂಚೆ, ಚಕ್ರ ನೆಲದ ಮೇಲಿದ್ದಾಗಲೇ ನಟ್ಟು ಸಡಿಲ ಮಾಡ್ತಿದ್ದ" ಎಂದರು ಮಾವ. ಮೂವತ್ತು ವರ್ಷ ಪಕ್ಕದಲ್ಲಿ ಕುಳಿತವರ ವಿದ್ಯೆ ಎಷ್ಟು ಕರಾರುವಾಕ್ಕಾಗಿರುತ್ತದೆ ಎಂಬುದು ನನಗೆ ಅರಿವಾದದ್ದು ಆಗ. ಮತ್ತೆ ಇಳಿಸಿ, ಸ್ಪ್ಯಾನರಿನ ಮೇಲೆ ನಿಂತು ಕುಣಿದು ನಟ್ಟು ಬಿಚ್ಚಿ, ಚಕ್ರ ಬದಲಾಯಿಸಿ, ಜಾಕಿ ಇಳಿಸಿದರೆ ಸ್ಟೆಪ್ನಿಯಲ್ಲಿ ಅರ್ಧ ಗಾಳಿಯೂ ಇರಲಿಲ್ಲ. "ರೀ, ಹೊರಡೋ ಮುಂಚೆ ಗಾಳಿ ಚೆಕ್ ಮಾಡಿಸಿದೀನಿ ಅಂದ್ರಲ್ಲ?" ಎಂದಳು ನನ್ನಾಕೆ. ನಾಲ್ಕಕ್ಕೂ ಮಾಡಿಸಿದ್ದೆ. ಕಾರಿಗೆ ಐದು ಚಕ್ರವೆಂಬುದು ಪಂಚರಾದಾಗಷ್ಟೇ ನೆನಪಾಗುವ ಲೆಕ್ಕ. ಆ ಅವಮಾನದ ಗಡಿಬಿಡಿಯಲ್ಲಿ ಸಾಮಾನುಗಳನ್ನು ತುಂಬಿ, ಆಮೆಯ ನಡಿಗೆಯಲ್ಲಿ ಬಣಕಲ್ ಸೇರಿ, ಪಂಚರ್ ಅಂಗಡಿಯವನ ಮುಂದೆ ಮತ್ತೊಮ್ಮೆ ಅದೇ ಸಂತೆ ಹಾಸಿದೆವು. ದರೆಯ ಮೇಲೆ ಒಂದು ವಸ್ತು ಉಳಿದುಹೋದದ್ದು ಗೊತ್ತಾಗಿದ್ದು ಮಾತ್ರ ಮರುದಿನ.

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನದೆ ಮುಂದೆ ಹೋಗುವ ಹಾಸನದವರನ್ನು ನಾನು ಇನ್ನೂ ಕಂಡಿಲ್ಲ. ತಲಾ ನಾಲ್ಕು ತಿಂದೆವು. ಮಗ ಆರು ತಿಂದ. ಆ ಎರಡು ಹೆಚ್ಚುವರಿ ದೋಸೆಗಳು ಮುಂದಿನ ಕಥೆಗೆ ಮುಖ್ಯ. (ಘಾಟಿಯ ಕೋತಿಗಳ ವಿಷಯ ನಾನು ಬರೆಯುವುದಿಲ್ಲ, ಚಾರ್ಮಾಡಿಗೆ ಹೋಗಿ ಬಂದವರೆಲ್ಲ ಬರೆದಿದ್ದಾರೆ.)

ಇಳಿಜಾರಿನಲ್ಲಿ ಬ್ರೇಕನ್ನೇ ನೆಚ್ಚಿದರೆ ಅದು ಕಾದು ಹಿಡಿತ ಬಿಡುತ್ತದೆ. ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು ಎಂಬುದು ಘಟ್ಟದವರ ನಿಯಮ. ಎರಡನೆಯ ಗೇರಿನಲ್ಲಿ ಇಂಜಿನ್ನು ಗೊಣಗುತ್ತ, ಬಲಗಡೆ ಸೋಮನಕಾಡಿನ ಕಣಿವೆಯಿಂದ ಮಂಜು ಎದ್ದು ಬರುತ್ತ, ಮೇಲೇರುವ ಬಸ್ಸಿಗೆ ದಾರಿಬಿಟ್ಟು ತಿರುವಿನಲ್ಲಿ ಕಾಯುತ್ತ ನಾಲ್ಕಾರು ಸುತ್ತು ಇಳಿಯುವಷ್ಟರಲ್ಲಿ ಮಗ ಸುಮ್ಮನಾದ. ಮಕ್ಕಳು ಕಾರಿನಲ್ಲಿ ಸುಮ್ಮನಾದರೆ ಅದು ಶುಭಸೂಚನೆಯಲ್ಲ. ಅತ್ತೆ ನಿಂಬೆಹಣ್ಣನ್ನು ಅವನ ಮೂಗಿಗೆ ಹಿಡಿದರು. ಬೆಳಿಗ್ಗೆ ಬದುಕುಳಿದದ್ದೇ ಇರಬೇಕು, ಅದಕ್ಕೆ ಪೆಟ್ರೋಲಿನ ವಾಸನೆಯಿತ್ತೆಂದು ಅವನು ಆಮೇಲೆ ಹೇಳಿದ. ಕಿವಿಯೊಳಗಿನ ಸಮತೋಲನದ ಅಂಗ ಗಾಡಿ ವಾಲುತ್ತಿದೆ ಎನ್ನುತ್ತದೆ, ಮುಂದಿನ ಸೀಟಿನ ಬೆನ್ನನ್ನಷ್ಟೇ ನೋಡುತ್ತಿರುವ ಕಣ್ಣು ಇಲ್ಲ ಎನ್ನುತ್ತದೆ, ಈ ಇಬ್ಬರ ಜಗಳದಲ್ಲಿ ಹೊಟ್ಟೆ ತೊಳಸುತ್ತದೆ, ಮುಂದೆ ಕುಳಿತು ದೂರದ ರಸ್ತೆ ನೋಡಿದರೆ ಸರಿಹೋಗುತ್ತದೆ ಎಂದು ನಾನು ವಿವರಿಸಿದೆ. ಮುಂದಿನ ಸೀಟು ಮಾವನವರದು. ಮೊಮ್ಮಗನಿಗಾಗಿ ಅವರು ಆ ಸಿಂಹಾಸನವನ್ನು ತ್ಯಾಗ ಮಾಡಿ ಹಿಂದೆ ಹೋಗಿ ಕುಳಿತರು. ಮಗ ಎರಡೇ ತಿರುವಿಗೆ ಚೇತರಿಸಿಕೊಂಡು ಚಕ್ಕುಲಿ ಕೇಳಿದ. ಮೂವತ್ತು ವರ್ಷದಲ್ಲಿ ಎಂದೂ ಹಿಂದಿನ ಸೀಟಿನಲ್ಲಿ ಕುಳಿತು ಘಟ್ಟ ಇಳಿಯದ ಮಾವನವರು ಮೂರನೆಯ ತಿರುವಿನಲ್ಲಿ ಕೈ ಎತ್ತಿದರು.

ಅತ್ತೆ ಅಭಿಮಾನದಿಂದ ಪ್ಲಾಸ್ಟಿಕ್ ಕವರನ್ನು ಬಿಡಿಸಿ ಹಿಡಿದರು. ಅವು ಮಾರ್ಕೆಟ್ಟಿನಲ್ಲಿ ದ್ರಾಕ್ಷಿ ತುಂಬಿಕೊಡುವ ಕವರುಗಳು. ಹಣ್ಣು ಬೆವರಬಾರದೆಂದು ಅವುಗಳಿಗೆ ಸುತ್ತಲೂ ಸಾಲಾಗಿ ತೂತು ಹೊಡೆದಿರುತ್ತಾರೆ ಎಂಬುದು ಅತ್ತೆಗೂ ಮಾವನಿಗೂ ನನ್ನಾಕೆಯ ಸೀರೆಗೂ ಏಕಕಾಲಕ್ಕೆ ತಿಳಿಯಿತು. ಇಪ್ಪತ್ತು ಲೀಟರು ನೀರು ಕೊನೆಯ ಹನಿಯವರೆಗೂ ಅಲ್ಲೇ ಖರ್ಚಾಯಿತು.

ದರ್ಶನ ಚೆನ್ನಾಗಿ ಆಯಿತು, ಷಡ್ಕರ ಮನೆಯ ಊಟವೂ ಚೆನ್ನಾಗಿತ್ತು. ಮರುದಿನ ಮಧ್ಯಾಹ್ನ ಹೊರಡುವಾಗ ನಾದಿನಿ ಹನ್ನೆರಡು ಕೆ.ಜಿ.ಗೆ ಕಡಿಮೆಯಿಲ್ಲದ ಒಂದು ಹಲಸಿನಹಣ್ಣನ್ನು ತಂದು, "ಭಾವ, ಬಕ್ಕೆ ಹಲಸು, ನಾಳೆ ನಾಡಿದ್ದಿಗೆ ಹಣ್ಣಾಗುತ್ತೆ" ಎಂದಳು. ಅತ್ತೆ ಹೆಬ್ಬೆರಳಿನಿಂದ ಒತ್ತಿ ನೋಡಿ ಇದು ಬಕ್ಕೆಯಲ್ಲ, ಬಿಳುವ ಎಂದರು. ಮಾವ ತಟ್ಟಿ ನೋಡಿ ಬಕ್ಕೆಯೇ ಎಂದರು. ಗಟ್ಟಿ ತೊಳೆಯ ಬಕ್ಕೆಗೂ ಲೋಳೆಯಾಗಿ ಜಾರುವ ಬಿಳುವಕ್ಕೂ ಇರುವ ಅಂತರ ಮಲೆನಾಡಿನ ಸಂಸಾರಗಳಲ್ಲಿ ಸಣ್ಣದೇನಲ್ಲ. ಡಿಕ್ಕಿಯಲ್ಲಿ ಜಾಗವಿಲ್ಲದ್ದರಿಂದ, ಕಲ್ಲುಗಳನ್ನಾದರೂ ಬಿಟ್ಟುಹೋಗೋಣವೆಂಬ ನನ್ನ ಸಲಹೆ ಬಿದ್ದುಹೋದದ್ದರಿಂದ, ಹಣ್ಣನ್ನು ಮುಂದಿನ ಸೀಟಿನಲ್ಲಿ ಮರುಪ್ರತಿಷ್ಠಾಪಿತರಾಗಿದ್ದ ಮಾವನವರ ಕಾಲ ಬಳಿ ಇಟ್ಟೆವು.

ಘಾಟಿ ಏರತೊಡಗಿದಂತೆ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೂಡ ಏರತೊಡಗಿತು. ಅಣ್ಣಪ್ಪಸ್ವಾಮಿ ಗುಡಿಯ ಬಳಿ ನಿಲ್ಲಿಸಿ, ಕಾಣಿಕೆ ಹಾಕಿ, ಬೋನೆಟ್ಟು ಎತ್ತಿದೆ. ರೇಡಿಯೇಟರಿನ ಮುಚ್ಚಳ ಬಿಸಿಯಿರುವಾಗ ತೆಗೆದರೆ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಆದ್ದರಿಂದ ಅರ್ಧ ಗಂಟೆ ಕಾದು ತೆಗೆದು ನೋಡಿದರೆ ನೀರು ತಳ ಕಂಡಿತ್ತು. ಕೂಲೆಂಟ್ ತರಲೆಂದು ಹಿಂದೆ ಹೋದವನಿಗೆ ಅದು ಮೂಡಿಗೆರೆಯ ಆಚೆ, ದರೆಯ ಮೇಲೆ, ಚಕ್ಕುಲಿ ಡಬ್ಬದ ಪಕ್ಕ ಕುಳಿತ ದೃಶ್ಯ ಕಣ್ಣಿಗೆ ಕಟ್ಟಿತು. ನೀರಿನ ಕ್ಯಾನು ಮಾವನವರ ಸ್ವಚ್ಛತೆಗೆ ಬರಿದಾಗಿತ್ತು. ಕೈಯಲ್ಲಿದ್ದ ಒಂದು ಬಾಟಲಿ ಕುಡಿಯುವ ನೀರು ಸುರಿದು, ಉಳಿದ ಒಂದೇ ಉಪಾಯಕ್ಕೆ ಕೈಹಾಕಿದೆ.

ಆ ಉಪಾಯ ಹೀಟರು. ಇಂಜಿನ್ನಿನಲ್ಲಿ ಕಾದ ನೀರು ಡ್ಯಾಶ್‌ಬೋರ್ಡಿನ ಹಿಂದಿರುವ ಪುಟ್ಟ ರೇಡಿಯೇಟರಿನಲ್ಲಿ ಹಾಯುತ್ತದೆ, ಫ್ಯಾನು ಆ ಬಿಸಿಯನ್ನು ಕಾರಿನೊಳಗೆ ಊದುತ್ತದೆ, ಇಂಜಿನ್ನಿಗೆ ಅಷ್ಟರಮಟ್ಟಿಗೆ ತಂಪಾಗುತ್ತದೆ. ಬಿಸಿ ಎಲ್ಲಿಗೂ ಹೋಗುವುದಿಲ್ಲ, ನಮ್ಮ ಮೇಲೆಯೇ ಬರುತ್ತದೆ. ಮೇ ತಿಂಗಳ ಸೆಕೆಯಲ್ಲಿ ಐದು ಜನ ಕಿಟಕಿಗೆ ತಲೆ ಹಾಕಿಕೊಂಡು, ಎರಡನೆಯ ಗೇರಿನಲ್ಲಿ, ಕಾದ ಬಾಣಲೆಯೊಳಗೆ ಕುಳಿತವರಂತೆ ಚಾರ್ಮಾಡಿ ಹತ್ತಿದೆವು. ಮುಳ್ಳು ಇಳಿಯಿತು. ಕೊಟ್ಟಿಗೆಹಾರದಲ್ಲಿ ರೇಡಿಯೇಟರಿಗೆ ಹೊಟ್ಟೆ ತುಂಬ ನೀರು ಕುಡಿಸಿ ಹೀಟರು ಆರಿಸಲು ಹೋದರೆ, ವರ್ಷಗಟ್ಟಲೆ ಅಲುಗಾಡದೆ ತುಕ್ಕು ಹಿಡಿದಿದ್ದ ಅದರ ಸನ್ನೆ ಕೆಂಪು ಗುರುತಿನ ಕಡೆಯೇ ಜಾಮ್ ಆಗಿತ್ತು. ಫ್ಯಾನು ನಿಲ್ಲಿಸಿದರೂ ಗಾಡಿಯ ವೇಗಕ್ಕೆ ಬಿಸಿಗಾಳಿ ತಾನಾಗಿ ನುಗ್ಗುತ್ತಿತ್ತು. ಅಷ್ಟರಲ್ಲಿ ಮುಂಗಾರುಪೂರ್ವದ ಮಳೆ ಹೊಯ್ದು ಕಿಟಕಿಯನ್ನೂ ಮುಚ್ಚಬೇಕಾಯಿತು. ಹಿಂದಿನ ಸೀಟಿನಲ್ಲಿ ಅತ್ತೆ ಒಬ್ಬರೇ, "ಈಗ ಸ್ವಲ್ಪ ಬೆಚ್ಚಗಾಯ್ತು ನೋಡಿ, ಹೋಗುವಾಗಲೂ ಹೀಗೇ ಹಾಕಬಾರದಿತ್ತಾ" ಎಂದರು.

ಬೇಲೂರು ಬರುವ ಹೊತ್ತಿಗೆ ಮಾವನವರ ಕಾಲ ಬಳಿಯಿದ್ದ ಹಲಸು ನಾಡಿದ್ದಿನ ಕೆಲಸವನ್ನು ಅಂದೇ ಮುಗಿಸಿತ್ತು. ಹಾಸನಕ್ಕೆ ತಂದು ಕೊಯ್ದರೆ ಒಂದು ಮಗ್ಗುಲು ಹದವಾಗಿ ಬೆಂದು ಪಾಯಸದಂತಾಗಿತ್ತು. ನೋಡಿದಿರಾ ಬಿಳುವ ಎಂದರು ಅತ್ತೆ. "ಬೇಯಿಸಿದ್ರೆ ಎಂಥಾ ಬಕ್ಕೆಯೂ ಹಿಂಗೇ ಆಗೋದು" ಎಂದರು ಮಾವ. ಹದಿನೈದು ದಿನದ ನಂತರ ಹೀಟರು ಬಿಡಿಸಲು ಗ್ಯಾರೇಜಿಗೆ ಒಯ್ದಾಗ ಮೆಕ್ಯಾನಿಕ್ಕು ಒಳಗೆ ಕುಳಿತು ಫ್ಯಾನು ಹಾಕಿದವನೇ ಮೂಗರಳಿಸಿ, "ಸಾರ್, ಬಿಳುವ ಅಲ್ವಾ?" ಎಂದ. ಈ ಸಾಕ್ಷಿಯನ್ನು ಮಾವನವರು ಒಪ್ಪಿಲ್ಲ. ಅಂದಿನ ಹಣ್ಣಿನ ನಾಲ್ಕು ಬೀಜಗಳನ್ನು, ಕಲ್ಲುಗಳು ಮೊದಲಿದ್ದ ಜಾಗದಲ್ಲೇ, ಹಿತ್ತಿಲಲ್ಲಿ ನೆಟ್ಟು ದಿನವೂ ನೀರು ಹಾಕುತ್ತಿದ್ದಾರೆ. ಮರವಾಗಿ ಫಲ ಬಿಟ್ಟಾಗ ಎಲ್ಲರ ಬಾಯಿ ಮುಚ್ಚುತ್ತದಂತೆ. ಒಂದು ಈಗಾಗಲೇ ಗೇಣುದ್ದ ಬೆಳೆದಿದೆ. ಬೀಜದಿಂದ ಬೆಳೆದ ಹಲಸಿಗೆ ತಾಯಿಮರದ ಗುಣವೇ ಬರುತ್ತದೆಂಬ ಖಾತರಿಯಿಲ್ಲವೆಂದು ನಾನು ಅವರಿಗೆ ಇನ್ನೂ ಹೇಳಿಲ್ಲ.